ನಾನು ಸಿಕ್ಕಿದ್ದೇನೆಂದು ಒಮ್ಮೆ ಓದಿಬಿಡಿ

ಮಿನೊಹಾರಾ ಪಟ್ಟಣದ ಬಾನುಲಿ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ಹೋದ ಶರತ್ಕಾಲದ ಒಂದು ಸಂಜೆ ತಾವು ನನ್ನನ್ನು ಕಳೆದುಹಾಕಿದಿರಿ. ಈಗ ಚಳಿ ಮುಗಿಯುತ್ತಾ ಬಂದು ಪ್ಲಮ್ ಮರ ಹೂ ಬಿಟ್ಟಿದೆ, ಇನ್ನೂ ಹುಡುಕಿಕೊಟ್ಟಿಲ್ಲ. ತಮ್ಮ ಕಚೇರಿಯವರು ಪ್ರತಿ ಮನೆಯ ಗೋಡೆಗೂ ಮೊಳೆ ಹೊಡೆದು ಕೂರಿಸಿರುವ ಆ ಬಿಳಿ ಪೆಟ್ಟಿಗೆಯಲ್ಲಿ, ಸಂಜೆಯ ಮಕ್ಕಳ ಹಾಡಿಗೆ ಸ್ವಲ್ಪ ಮುಂಚೆ, ತಮ್ಮ ಉದ್ಘೋಷಕಿ ಹೀಗೆ ಓದಿದರು: "ಮೂರನೆಯ ವಾರ್ಡಿನ ಎಂಬತ್ತೊಂದು ವರ್ಷದ ಇಸೆಕಿ ಟೊಯೊಜಿ ಅವರು ಬೆಳಿಗ್ಗೆಯಿಂದ ಕಾಣೆಯಾಗಿದ್ದಾರೆ. ಬೂದು ಟೋಪಿ, ಗಿಡ್ಡ ದೇಹ, ನಿಧಾನ ನಡಿಗೆ. ಕಂಡವರು ತಡೆದು ನಿಲ್ಲಿಸಿ ತಿಳಿಸಬೇಕಾಗಿ ವಿನಂತಿ." ಆ ನಿಧಾನ ನಡಿಗೆಯ ಇಸೆಕಿ ನಾನೇ. ಕಾಣೆಯಾಗಿ ಹೋದದ್ದು ಗುಡ್ಡದಾಚೆಯ ಊರಿನ ಬಿಸಿನೀರಿನ ಸ್ನಾನಗೃಹಕ್ಕೆ. ಹಾಯಾಗಿ ಮಿಂದು, ಒಂದು ಬಟ್ಟಲು ಸೋಬಾ ಶ್ಯಾವಿಗೆ ಉಂಡು, ಅಲ್ಲಿನ ಚಾಪೆಯ ಮೇಲೆ ನಿದ್ದೆ ಹೋದೆ. ತಮ್ಮ ಪೆಟ್ಟಿಗೆಯ ಸದ್ದು ಗುಡ್ಡ ದಾಟುವುದಿಲ್ಲ, ಅದಕ್ಕೇ ನಿದ್ದೆ ಚೆನ್ನಾಗಿ ಬಂತು. ಎದ್ದವನು ನಾನೇ ಬಸ್ಸು ಹತ್ತಿ ಮನೆಗೆ ಬಂದೆ. ಹೆದರಿ ತಮಗೆ ಫೋನ್ ಮಾಡಿದ್ದವಳು ನನ್ನ ಸೊಸೆ ಮಿಹೊ. ಅವಳನ್ನು ದೂರುವುದಿಲ್ಲ. ಮನೆಯವರು ಹೆದರುವುದು ಸಹಜ.

ನಾನು ಬಾಗಿಲಲ್ಲಿ ಚಪ್ಪಲಿ ಕಳಚುವಷ್ಟರಲ್ಲಿ ಅವಳು ಮತ್ತೆ ಫೋನ್ ಮಾಡಿದಳು. ತಮ್ಮ ಗುಮಾಸ್ತರ ಉತ್ತರ ನನಗೂ ಕೇಳಿಸಿತು. "ಸಿಕ್ಕಿದ್ರಾ? ಒಳ್ಳೇದಾಯ್ತಮ್ಮ. ಆದ್ರೆ ಸಂಜೆ ಹಾಡಾದ ಮೇಲೆ ನಾವು ತುರ್ತು ವಿಷಯ ಬಿಟ್ಟು ಏನೂ ಓದಲ್ಲ." ಮರುದಿನ ಬೆಳಿಗ್ಗೆ ಕೇಳಿದ್ದಕ್ಕೆ, "ಅದು ನಿನ್ನೆ ವಿಷಯ ಅಲ್ವಾ, ಇವತ್ತಿನ ಸುದ್ದಿಗೆ ಹೇಗೆ ಬರುತ್ತೆ?" ಎಂದರು. ಮನುಷ್ಯ ಕಳೆದುಹೋದರೆ ತುರ್ತು, ಸಿಕ್ಕಿದರೆ ತುರ್ತಲ್ಲ ಎಂಬ ಈ ನಿಯಮವನ್ನು ಯಾವ ಪುಣ್ಯಾತ್ಮರು ಬರೆದರು? ಹೋಗಲಿ, ಆ ಬೆಳಗಿನ ಸುದ್ದಿಯಲ್ಲಿ ನನ್ನನ್ನು ನೂಕಿ ಜಾಗ ಹಿಡಿದದ್ದು ಯಾವ ಮಹತ್ವದ ಸಂಗತಿ? ಪಟ್ಟಣಾಧ್ಯಕ್ಷರು ಸೇತುವೆಯ ಹೊಸ ಬಣ್ಣ ನೋಡಿ ಸಂತೋಷಪಟ್ಟರಂತೆ. ಅವರ ಸಂತೋಷ ಮಧ್ಯಾಹ್ನವೂ ಮರುಪ್ರಸಾರವಾಯಿತು.

ನಾನು ಬಾನುಲಿಯ ವೈರಿ ಎಂದು ಭಾವಿಸಬೇಡಿ. ಬೆಳಗಿನ ವ್ಯಾಯಾಮದ ಪಿಯಾನೋ ಕೇಳಿಸದೆ ನನ್ನ ಮೊಣಕಾಲು ಮಡಚುವುದಿಲ್ಲ. ಮೂಲಂಗಿಯ ಧಾರಣೆ, ಕರಡಿ ಊರಿಗೆ ಇಳಿದ ಸುದ್ದಿ, ಯಾರ ಮನೆಯಲ್ಲಿ ಸಾವು, ಇವೆಲ್ಲ ತಾವು ಹೇಳಿದರೆ ಮಾತ್ರ ನಮಗೆ ಗೊತ್ತಾಗುವುದು. ಹೊಳೆ ಉಕ್ಕಿದ ವರ್ಷವನ್ನು ಮರೆತಿಲ್ಲ. ಗುಡ್ಡದ ಮೇಲಿನ ಶಾಲೆಗೆ ಹೋಗಿ ಎಂದು ಪೆಟ್ಟಿಗೆ ಕೂಗುತ್ತಿತ್ತು. ನಾನು ಕಾಲು ಚಾಚಿ ಕೂತು, "ನಮ್ಮ ಅಂಗಳಕ್ಕೆ ಹೊಳೆ ಯಾವತ್ತು ಬಂದಿದೆ?" ಎಂದೆ. ನನ್ನ ಹೆಂಡತಿ ಚಿಯೊನೊ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, "ನಿಮ್ಮ ಮಾತು ಆಮೇಲೆ, ರೇಡಿಯೋ ಮಾತು ಮೊದಲು, ಏಳಿ," ಎಂದು ನನ್ನ ಅಂಗಿ ಹಿಡಿದು ಎಬ್ಬಿಸಿದಳು. ನಾವು ಶಾಲೆ ಮುಟ್ಟುವ ಹೊತ್ತಿಗೆ ಅಡುಗೆಮನೆ ನೀರಿನಲ್ಲಿತ್ತು. ಅಂದಿನಿಂದ ನಮ್ಮ ಮನೆಯಲ್ಲಿ ಕೊನೆಯ ಮಾತು ತಮ್ಮದೇ. ನಾನು ಒಮ್ಮೆಯೂ ಆಕ್ಷೇಪಿಸಿಲ್ಲ.

ಈಗ ನನ್ನ ಸ್ಥಿತಿ ಕೇಳಿ. ತೋಫು ಅಂಗಡಿಗೆ ಹೋದರೆ ಅಂಗಡಿಯ ನಿಶಿವಾಕಿ ಅಮ್ಮ ನನ್ನ ತೋಳು ಹಿಡಿಯುತ್ತಾರೆ.

"ಅಯ್ಯೋ, ಇಸೆಕಿ ಅಜ್ಜ, ಇಲ್ಲಿದೀರಾ? ಬನ್ನಿ, ಮನೆಗೆ ಬಿಡ್ತೀನಿ."

"ನಾನು ತೋಫು ತಗೊಳ್ಳೋಕೆ ಬಂದದ್ದು."

"ಹೌದ್ಹೌದು, ತೋಫೂನೂ ಕೊಡೋಣ. ಮೊದಲು ಕೂತ್ಕೊಳ್ಳಿ, ಗಾಬರಿ ಬೇಡ."

ಗಾಬರಿ ನನಗಿರಲಿಲ್ಲ, ಅವರು ಹಾಗೆಂದ ಮೇಲೆ ಬಂತು. ನಾನು ಸಿಕ್ಕಿದ್ದು ಹಳೆಯ ಮಾತು ಎಂದರೆ, ಹುಚ್ಚನನ್ನು ಸಮಾಧಾನ ಮಾಡುವಂತೆ ತಲೆಯಾಡಿಸುತ್ತಾರೆ. ಬಸ್ಸಿನ ಚಾಲಕ ಓಬಾ ಅಂತೂ ಮಿಹೊಗೆ ಫೋನ್ ಮಾಡಿ ಕೇಳದೆ ನನ್ನನ್ನು ಹತ್ತಿಸುವುದಿಲ್ಲ. "ಬೇಜಾರು ಮಾಡ್ಕೋಬೇಡಿ ಅಜ್ಜ, ಆಮೇಲೆ ನಿಮ್ಮನ್ನ ಕಳೆದುಹಾಕ್ದ ಅಂತ ನನ್ನ ಹೆಸರೂ ಓದಿಬಿಟ್ರೆ?" ಮಿಹೊ ದವಾಖಾನೆಯಲ್ಲಿ ಕೆಲಸದಲ್ಲಿರುತ್ತಾಳೆ, ಫೋನ್ ಎತ್ತುವುದಿಲ್ಲ, ಬಸ್ಸು ಹೊರಟುಹೋಗುತ್ತದೆ. ಒಬ್ಬರೂ ಕೆಟ್ಟವರಲ್ಲ, ಮಾನ್ಯರೇ. ಕೆಟ್ಟವರಾಗಿದ್ದರೆ ಜಗಳವಾಡಿ ದಾರಿ ಮಾಡಿಕೊಳ್ಳುತ್ತಿದ್ದೆ. ಇಷ್ಟು ಒಳ್ಳೆಯವರ ನಡುವೆ ಸಿಕ್ಕಿಬಿದ್ದವನು ತಪ್ಪಿಸಿಕೊಂಡು ಹೋಗುವುದಾದರೂ ಎಲ್ಲಿಗೆ?

ಇಷ್ಟೇ ಆಗಿದ್ದರೆ ಸಹಿಸಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ನಾನು ಆ ಬಸ್ಸಿನಲ್ಲಿ ಹೋಗಬೇಕಾದದ್ದು ಸೇತುವೆಯಾಚೆಯ ವೃದ್ಧರ ಆರೈಕೆ ಮನೆಗೆ. ಚಿಯೊನೊ ಅಲ್ಲಿದ್ದಾಳೆ. ಅವಳ ನೆನಪು ಸಡಿಲವಾಗಿ ಕೆಲವು ಚಳಿಗಾಲ ಕಳೆದವು. ಆದರೂ ಹೋದ ಶರತ್ಕಾಲದವರೆಗೆ ನನ್ನನ್ನು ಕಂಡರೆ "ಬಂದ್ರಾ" ಎನ್ನುತ್ತಿದ್ದಳು. ಆ ಮನೆಯ ಊಟದ ಕೋಣೆಯಲ್ಲೂ ತಮ್ಮ ಪೆಟ್ಟಿಗೆಯಿದೆ. ಆ ಸಂಜೆ ಅವಳೂ ಕೇಳಿದಳು. ಮರುದಿನ ಮಿಹೊ ನನ್ನನ್ನು ಕರೆದೊಯ್ದಳು.

"ಯಾರು ನೀವು?" ಎಂದಳು ಚಿಯೊನೊ.

"ನಾನು ಕಣೇ, ಟೊಯೊಜಿ."

"ಸುಮ್ನಿರಿ. ಅವರು ಕಳೆದುಹೋಗಿದಾರೆ. ರೇಡಿಯೋದಲ್ಲೇ ಹೇಳಿದ್ರು."

"ಸಿಕ್ಕಿದೀನಿ, ನೋಡು."

"ಸಿಕ್ಕಿದ್ರೆ ರೇಡಿಯೋದಲ್ಲಿ ಹೇಳ್ತಿರ್ಲಿಲ್ವಾ?"

ಇದಕ್ಕೆ ತಮ್ಮಲ್ಲಿ ಉತ್ತರವಿದ್ದರೆ ದಯವಿಟ್ಟು ಕಳಿಸಿಕೊಡಿ. ಈಗ ನಾನು ಅವಳ ಪಾಲಿಗೆ ಮಿಹೊಗೆ ಬಿಡುವಾದಾಗ ಅವಳ ಜೊತೆ ಬರುವ ಯಾರೋ ಒಬ್ಬ ಒಳ್ಳೆಯ ಮನುಷ್ಯ. ಚಹಾದ ಜೊತೆ ಕೊಡುವ ಸಿಹಿ ಕಡುಬಿನಲ್ಲಿ ಅರ್ಧವನ್ನು ಕಾಗದದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿರುತ್ತಾಳೆ. ಒಮ್ಮೆ ಕೈ ಹಾಕಿದ್ದಕ್ಕೆ ಮಣಿಕಟ್ಟಿನ ಮೇಲೆ ಹೊಡೆದಳು. "ಅದು ನಮ್ಮನೆಯವರಿಗೆ. ಎಲ್ಲಿ ಅಲೀತಿದಾರೋ, ಹಸಿದಿರ್ತಾರೆ." ಸಂಜೆ ಎಲ್ಲರೂ ಊಟಕ್ಕೆ ಕೂತರೆ ಇವಳು ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಕೆಳಗೆ ಕೂರುತ್ತಾಳೆ. ಹಾಡು ಮುಗಿಯುವವರೆಗೆ ತುತ್ತು ಮುಟ್ಟುವುದಿಲ್ಲ. ಹಾಡು ಮುಗಿದ ಮೇಲೆ ಅಳುತ್ತಾಳೆ. ಮೈ ಇಳಿದುಹೋಗಿದೆ. ನನ್ನ ಸಲುವಾಗಿ ಅಳುತ್ತಿರುವವಳ ಕಣ್ಣನ್ನು ನಾನೇ ಒರೆಸಿ, ಅಪರಿಚಿತನಂತೆ ನಮಸ್ಕಾರ ಮಾಡಿ ಎದ್ದು ಬರುತ್ತೇನೆ. ಇದು ತಮ್ಮ ಯಾವ ಕಾರ್ಯಕ್ರಮದ ಅಡಿಯಲ್ಲಿ ಬರುತ್ತದೆ?

ಭಾನುವಾರದ 'ಕೇಳುಗರ ಓಲೆ'ಗೆ ಒಂದು ಕಾರ್ಡು ಬರೆದೆ. ಮರ್ಯಾದೆಗೆಂದು ಮೊದಲು ಎರಡು ಒಳ್ಳೆಯ ಮಾತು, ಆಮೇಲೆ ನನ್ನ ಅಳಲು. ತಾವು ಓದಿಸಿದ್ದು ಮೊದಲಿನದ್ದನ್ನು ಮಾತ್ರ: "ಇಸೆಕಿ ಟೊಯೊಜಿಯವರಿಗೆ ನಮ್ಮ ಬಾನುಲಿ ಮನೆಯ ಹಿರಿಯರಿದ್ದಂತೆ. ಧನ್ಯವಾದಗಳು." ನಾನು ಚಿಯೊನೊಳ ಪಕ್ಕದಲ್ಲೇ ಇದ್ದೆ. ಹೆಸರು ಕೇಳಿ ಅವಳ ಮುಖ ಅರಳಿತು, ಮರುಕ್ಷಣ ಬಾಡಿತು. "ಪಾಪ, ಕಳೆದುಹೋಗೋಕೆ ಮುಂಚೆ ಬರೆದಿದ್ರು ಅಂತ ಕಾಣುತ್ತೆ," ಎಂದಳು.

ಕೊನೆಗೆ ನಾನೇ ತಮ್ಮ ಕಚೇರಿಗೆ ನಡೆದುಕೊಂಡು ಬಂದೆ. ಗುಮಾಸ್ತರು ನನ್ನ ಬೂದು ಟೋಪಿ ನೋಡಿ ಎದ್ದು ನಿಂತರು. "ಇಸೆಕಿಯವರಾ? ಒಬ್ರೇ ಬಂದ್ರಾ?" ಎಂದು ಕೂರಿಸಿ, ಚಹಾ ಕೊಟ್ಟು, ಒಳಗೆ ಹೋಗಿ ದವಾಖಾನೆಗೆ ಫೋನ್ ಮಾಡಿದರು. ಮಿಹೊ ಕೆಲಸ ಬಿಟ್ಟು ಓಡಿಬಂದು ನನ್ನನ್ನು ಕರೆದುಕೊಂಡು ಹೋದಳು. ನನ್ನ ಮಾತನ್ನು ಯಾರೂ ಬರೆದುಕೊಳ್ಳಲಿಲ್ಲ. ಅದಕ್ಕೇ ಈ ಪತ್ರವನ್ನು ಸಹಕಾರಿ ಅಂಗಡಿಯ ಫಲಕಕ್ಕೆ ಅಂಟಿಸಿದ್ದೇನೆ. ಎಲ್ಲರೂ ಓದಲಿ.

ನನ್ನ ಹೆಸರನ್ನು ತಾವು ಇನ್ನೊಮ್ಮೆ ಓದಿಯೇ ಓದುತ್ತೀರಿ, ಗೊತ್ತು. ಮರಣವಾರ್ತೆಯನ್ನು ತಾವು ಎಂದೂ ತಪ್ಪಿಸಿದವರಲ್ಲ. ಅಲ್ಲಿಯವರೆಗೆ ಕಾಯಿಸಬೇಡಿ. ಒಂದು ಸಂಜೆ, ಹಾಡಿಗೆ ಮುಂಚೆ, ಅದೇ ಉದ್ಘೋಷಕಿಯ ದನಿಯಲ್ಲಿ ಇಷ್ಟನ್ನು ಓದಿಸಬೇಕೆಂದು ಒತ್ತಾಯಿಸುತ್ತೇನೆ: "ಇಸೆಕಿ ಟೊಯೊಜಿ ಅವರು ಸಿಕ್ಕಿದ್ದಾರೆ. ಚೆನ್ನಾಗಿದ್ದಾರೆ. ರಸ್ತೆಯಲ್ಲಿ ಕಂಡರೆ ಹೋಗಲು ಬಿಡಿ, ಅವರು ಹೆಂಡತಿಯ ಬಳಿ ಹೋಗುತ್ತಿದ್ದಾರೆ." ಯಾವ ಸಂಜೆ ಎಂದು ಮೊದಲೇ ತಿಳಿಸಿ. ಮಿಹೊಳ ಕೈ ಹಿಡಿದಾದರೂ ಬಂದು ಆ ಪೆಟ್ಟಿಗೆಯ ಕೆಳಗೆ ಚಿಯೊನೊಳ ಪಕ್ಕ ಕೂತಿರುತ್ತೇನೆ. ಆ ಅರ್ಧ ಕಡುಬನ್ನು ಅವಳು ಯಾರಿಗೆ ಕೊಡುತ್ತಾಳೆ ಎಂದು ನೋಡಬೇಕು.

ಇಂತಿ,
ತಮ್ಮ ಬಾನುಲಿಯ ಪ್ರಕಾರ ಇನ್ನೂ ಸಿಗದಿರುವ,
ಇಸೆಕಿ ಟೊಯೊಜಿ
ಮೂರನೆಯ ವಾರ್ಡು (ಬಹುತೇಕ ಮನೆಯಲ್ಲೇ ಇರುತ್ತೇನೆ)