ತುಂಬೆ ಉಪ್ಪು ಕೇಳಿದ ದಿನ

ಇಸವಿ ೨೪೧೭, ಮರುಫಾಲ್ಗುಣ ಮಾಸದ ಮೂವತ್ತೆಂಟನೆಯ ದಿವಸ, ಉಪ್ಪಿನಗುಡ್ಡ.

ಕನ್ನಡವನ್ನು ಮನೆಮನೆಯಲ್ಲಿ ಆಡುತ್ತಿರುವ ಪೂರ್ವಿಕರ ಸಮ್ಮುಖಕ್ಕೆ, ಹಮ್ಮಣ್ಣ ಬೊಮ್ಮಯ್ಯ ನಾಯಕನು ತಲೆಬಾಗಿ ಮಾಡಿಕೊಳ್ಳುವ ಅರಿಕೆ ಏನೆಂದರೆ:

ನನ್ನ ಮಾತಿನ ಬಿಗುವನ್ನು ತಾವು ಮನ್ನಿಸಬೇಕು. ಕಡಲು ಏರಿ ಬಂದಾಗ ನಮ್ಮ ಪುಸ್ತಕಗಳೂ ಧ್ವನಿಭಂಡಾರಗಳೂ ಮುಳುಗಿದವು. ಪರದೇಶದ ದೊರೆಗಳು ಆಳುತ್ತಿದ್ದಾಗ ನಮ್ಮವರು ಅವರಿಗೆ ಬರೆದುಕೊಂಡ ಅರ್ಜಿಗಳು ಮಾತ್ರ ದೂರದ ಕಲ್ಲುಕೋಣೆಯೊಂದರಲ್ಲಿ ಉಳಿದಿದ್ದವು. ಅವನ್ನು ಪ್ರತಿಮಾಡುತ್ತ ಪ್ರತಿಮಾಡುತ್ತ ನಾನು ಕನ್ನಡ ಕಲಿತೆನು. ಗುಡ್ಡದ ಮಿಕ್ಕವರೆಲ್ಲ ಆಡುವುದು ಕೂಡುನುಡಿ, ಅಂದರೆ ಹಲವು ನಾಡಿನ ನಿರಾಶ್ರಿತರು ಬೆರೆಸಿಕೊಂಡ ಮಾತು. ಕನ್ನಡ ಬಲ್ಲವರು ನಾನು ಮತ್ತು ನನ್ನ ಮೊಮ್ಮಗಳು ತುಂಬೆ. ಇದನ್ನು ಹೆಮ್ಮೆಯಿಂದಲೇ ಅರುಹುತ್ತಿದ್ದೇನೆ. ಬೆಳಗ್ಗೆ ತಟ್ಟೆಯ ಮುಂದೆ ಕುಳಿತು ಅವಳು, “ಮಹಾಪ್ರಭುಗಳು ಕೃಪೆಯಿಟ್ಟು ಇನ್ನೊಂದು ದೋಸೆ ಮಂಜೂರು ಮಾಡಬೇಕಾಗಿ ಪ್ರಾರ್ಥನೆ” ಎನ್ನುತ್ತಿದ್ದಳು. “ಹಿಂದಿನ ದೋಸೆಯ ಅಂಚು ತಟ್ಟೆಯಲ್ಲಿಯೇ ಇರುವುದರಿಂದ ಅರ್ಜಿ ವಜಾ” ಎನ್ನುತ್ತಿದ್ದೆನು. ಇಬ್ಬರೂ ನಗುತ್ತಿದ್ದೆವು.

ನಮ್ಮ ಶಾಲೆಗಳಲ್ಲಿ ‘ಮರುಬಾಳು’ ಎಂಬ ಪದ್ಧತಿಯುಂಟು: ಮಕ್ಕಳು ಹಿಂದಿನವರ ಒಂದು ದಿನವನ್ನು ಬಾಳಿ ನೋಡಬೇಕು. ಈ ವರ್ಷ ಅವರನ್ನು ದೊರೆಗಾಲದ ದಿನಕ್ಕೆ ಕರೆದೊಯ್ದರು. ತಪ್ಪಲಿನಲ್ಲಿ ಮಣ್ಣಿನ ಕಚೇರಿಯನ್ನೂ ಉಪ್ಪಿನ ಪಾತಿಗಳನ್ನೂ ಕಟ್ಟಿದ್ದಾರೆ. ಒಬ್ಬ ಹುಡುಗನಿಗೆ ಕೆಂಪು ಕೋಟು ತೊಡಿಸಿ ದೊರೆಯೆಂದರು. ಉಳಿದವರು ಬರಿಗಾಲಲ್ಲಿ ನೀರು ಹೊತ್ತರು, ದೊರೆಗೆ ಗಾಳಿ ಬೀಸುವ ಪಂಖದ ಹಗ್ಗ ಎಳೆದರು, ಪಾತಿಯ ಉಪ್ಪು ಕೆರೆದು ರಾಶಿ ಹಾಕಿದರು. ರಾಶಿಗೆ ಸರ್ಕಾರದ ಮುದ್ರೆ ಬಿತ್ತು. ಮಧ್ಯಾಹ್ನ ಸಪ್ಪೆ ಗಂಜಿ ಬಡಿಸಿದರು; ತಾವೇ ಕೆರೆದ ಉಪ್ಪು ಬೇಕಾದವರು ದೊರೆಗೆ ಕನ್ನಡದಲ್ಲಿ ಅರಿಕೆ ಮಾಡಿಕೊಳ್ಳಬೇಕೆಂಬುದು ಆ ದಿನದ ಕಟ್ಟಳೆ. ಉಳಿದ ಮಕ್ಕಳು ಬಾಯಿಪಾಠ ತೊದಲಿದರು. ತುಂಬೆ ಎದ್ದು ಕೈಮುಗಿದು, ನಾನು ಕಲಿಸಿದ ಅರ್ಜಿಯನ್ನು ಹೊಳೆ ಹರಿದಂತೆ ಒಪ್ಪಿಸಿದಳು. ಜೊತೆಗೆ ಹೋಗಿದ್ದ ನಾನು ಕಂಬದ ಬಳಿ ನಿಂತು ಬೀಗಿದೆನು.

ಕೆಂಪು ಕೋಟಿನವನು ಚಿಟಿಕೆ ಉಪ್ಪು ಕೊಟ್ಟು, ಕೂಡುನುಡಿಯಲ್ಲಿ, “ಇವಳು ನಟಿಸಬೇಕಾಗಿಯೇ ಇಲ್ಲ, ಇವರ ಮನೆಯಲ್ಲಿ ದಿನಾ ಇದೇ” ಎಂದನು. ಎಲ್ಲರೂ ನಕ್ಕರು. ತುಂಬೆ ಆ ಉಪ್ಪನ್ನು ಗಂಜಿಗೆ ಹಾಕಲಿಲ್ಲ. ಕಚೇರಿಯಿಂದ ಮನೆಗೆ ಹೋದ ಮೇಲೆ ಅರ್ಜಿ ಬರೆದ ಆ ಜನ ತಮ್ಮ ಮಕ್ಕಳೊಡನೆ ಹೇಗೆ ಮಾತಾಡುತ್ತಿದ್ದರೆಂದು ಮೇಷ್ಟರನ್ನು ಕೇಳಿದಳು. ಅದು ಉಳಿದಿಲ್ಲವೆಂದು ಅವರು ಹೇಳಿದರು. ಅವಳು ನನ್ನತ್ತ ನೋಡಿದಳು.

ಮರುದಿನ ಬೆಳಗ್ಗೆ ತಟ್ಟೆಯ ಮುಂದೆ ಕೂರಲಿಲ್ಲ, ಕೈಮುಗಿದು ನಿಂತಳು. “ಮಹಾಪ್ರಭುಗಳ ಪಾದಕ್ಕೆ ಅರಿಕೆ. ಈ ನುಡಿಯಲ್ಲಿ ಕೈಮುಗಿಯುವುದರ ಹೊರತು ಬೇರೇನೂ ಇಲ್ಲವಾದ ಕಾರಣ, ಇದರಿಂದ ನನಗೆ ಬಿಡುಗಡೆ ದಯಪಾಲಿಸಬೇಕು.” ನಾನು ಪ್ರತಿಮಾಡಿದ ಯಾವ ಅರ್ಜಿಯೂ ಇಷ್ಟು ಅಚ್ಚುಕಟ್ಟಾಗಿರಲಿಲ್ಲ.

ಅವಳು ಅಂಗಳಕ್ಕೆ ಇಳಿದಾಗ, ನನ್ನ ಎಳವೆಯಲ್ಲಿ ಮುತ್ತಜ್ಜಿ ಅಕ್ಕನನ್ನು ಕರೆಯುತ್ತಿದ್ದ ಮಾತು, ಯಾವ ಅರ್ಜಿಯಲ್ಲೂ ಇಲ್ಲದ ಮಾತು, ನೆನಪಾಯಿತು. ಕೂಗಿದೆನು: “ಬಾರೆ ಕೂಸೆ, ಉಂಡ್ಕಂಡ್ ಹೋಗು.”

ತುಂಬೆ ತಿರುಗಿದಳು. ಹೊಸ್ತಿಲವರೆಗೆ ಬಂದು, ಮುಖವರಳಿಸಿ, ಮುಂದಿನ ಮಾತಿಗೆ ಕಾದಳು. ಮುಂದಿನ ಮಾತು ನನ್ನಲ್ಲಿರಲಿಲ್ಲ.

ಆದಕಾರಣ ಈ ಕಾಗದವನ್ನು ಕಾಲಗಾಲುವೆಗೆ, ಅಂದರೆ ಹಿಂದಿನ ದಿನಗಳತ್ತ ಹರಿಯುವ ನೀರಿಗೆ, ಬಿಡುತ್ತಿದ್ದೇನೆ. ತಾವು ಮಕ್ಕಳನ್ನು ಗದರುವ, ರಮಿಸುವ, ಹಾಸ್ಯಮಾಡುವ ಮಾತುಗಳನ್ನು ಬರೆದು ಕಡಲು ಮುಟ್ಟದ ಕಡೆ ಇರಿಸಬೇಕು. ಪ್ರಭು, ಕೃಪೆ ಎಂಬ ಪದಗಳು ಅದರಲ್ಲಿ ಬೇಡ. ಉಣ್ಣಲು ಕರೆದು, ಮಗು ಬಂದು ನಿಂತ ಮೇಲೆ ತಾವು ಏನು ಹೇಳುತ್ತೀರಿ, ಅದನ್ನು ಮೊದಲು ಬರೆಯಬೇಕು. ಅವಳೀಗ ನನ್ನೊಡನೆ ಕೂಡುನುಡಿಯನ್ನೇ ಆಡುತ್ತಾಳೆ. ಆದರೂ ಪ್ರತಿ ಬೆಳಗ್ಗೆ ಶಾಲೆಗೆ ಹೊರಟಾಗ ಹೊಸ್ತಿಲಲ್ಲಿ ಒಂದು ಗಳಿಗೆ ನಿಲ್ಲುತ್ತಾಳೆ, ಆಮೇಲೆ ಹೋಗುತ್ತಾಳೆ.