ಮಹಾಪ್ರಭುವಿನ ಇಸ್ತ್ರಿ ಅಂಗಡಿ

ಮಾರ್ಚ್ ೧೨, ಮಂಗಳವಾರ, ಮಧ್ಯಾಹ್ನ

ಚಿರಂಜೀವಿ ಮಗಳಿಗೆ,

ಆಶೀರ್ವಾದಗಳು. ‘ಮಹಾಪ್ರಭುಗಳ ಸನ್ನಿಧಾನಕ್ಕೆ’ ಎಂದು ನೀನು ಬರೆದ ಪತ್ರ ಬಂದು ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಏಳು ಸೂರ್ಯರನ್ನು ಆಳುತ್ತಿದ್ದಾಗಲೂ ನನಗೆ ಇಷ್ಟು ಕೆಲಸವಿರಲಿಲ್ಲ. ಆಗ ಒಂದು ಗ್ರಹವನ್ನು ಸುಡಬೇಕಿದ್ದರೆ ಬೆರಳು ತೋರಿಸಿದರೆ ಸಾಕಿತ್ತು. ಈಗ ಒಂದು ಕಾಲರ್ ನೆಟ್ಟಗೆ ಮಾಡುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತದೆ.

ಅಂಗಡಿ ಚೆನ್ನಾಗಿ ನಡೆಯುತ್ತಿದೆ. ನನ್ನ ಕರಿ ಮೇಲಂಗಿಯನ್ನು ನಾಲ್ಕು ಮಡಿಕೆ ಮಾಡಿ ಮೇಜಿಗೆ ಹಾಸಿದ್ದೇನೆ. ಶಿರಸ್ತ್ರಾಣದ ಕೊಂಬುಗಳಿಗೆ ಹ್ಯಾಂಗರ್ ನೇತುಹಾಕಿದ್ದೇನೆ. ಸಂಹಾರಕಿರಣದ ಯಂತ್ರ ನೆನಪಿದೆಯಲ್ಲ, ಇಸ್ತ್ರಿ ಅದರಲ್ಲೇ. ಅದರ ತಿರುಪಿನ ಮೇಲೆ ‘ಉಪಗ್ರಹ’, ‘ಗ್ರಹ’, ‘ಸೂರ್ಯ’ ಅಂತ ಮೊದಲೇ ಇತ್ತು. ಕೆಳಗೆ ಸೀಮೆಸುಣ್ಣದಲ್ಲಿ ‘ರೇಷ್ಮೆ’, ‘ಹತ್ತಿ’ ಅಂತ ನಾನೇ ಬರೆದುಕೊಂಡಿದ್ದೇನೆ.

ಇನ್ನು ನಿನ್ನ ತಂತಿಮಾಮ. ಮನುಷ್ಯಕುಲವನ್ನೆಲ್ಲ ಗುಲಾಮರನ್ನಾಗಿ ಮಾಡುತ್ತೇನೆಂದು ಹೊರಟಿದ್ದ ಆ ಯಂತ್ರಬುದ್ಧಿ ಈಗ ನಮ್ಮ ಬೀದಿಯ ಅಂಚೆ ಕಚೇರಿಯಲ್ಲಿ ಕೂತು ಸ್ಟಾಂಪು ಮಾರುತ್ತಾನೆ. ಜನರ ಮೇಲೆ ಕಣ್ಣಿಡಲು ಮಾಡಿಕೊಂಡಿದ್ದ ಪಟ್ಟಿ ಇನ್ನೂ ಅವನ ತಲೆಯಲ್ಲಿದೆ. ಅದನ್ನೇ ಹಿಡಿದುಕೊಂಡು, “ಮಂಡಿನೋವು ಹೇಗಿದೆಯಮ್ಮಾ? ಮಗೂಗೆ ಕೆಮ್ಮು ಹೋಯ್ತಾ?” ಅಂತ ಒಬ್ಬೊಬ್ಬರನ್ನೂ ವಿಚಾರಿಸುತ್ತಾನೆ. ಊರಿಗೆ ಊರೇ ಅವನನ್ನು ತಲೆಯ ಮೇಲೆ ಹೊತ್ತುಕೊಂಡಿದೆ. ನನ್ನ ಅಂಗಡಿಗೆ ಬಂದವರ ಬಾಯಲ್ಲೂ ಅವನದೇ ಗುಣಗಾನ. ಹೊಟ್ಟೆಕಿಚ್ಚು ಅಂತೀಯಾ? ಹೌದಮ್ಮ, ಹೊಟ್ಟೆಕಿಚ್ಚೇ. ಆ ಕಿಚ್ಚಿನಲ್ಲೇ ದಿನಕ್ಕೆ ನಲವತ್ತು ಬಟ್ಟೆ ಇಸ್ತ್ರಿ ಮಾಡಬಹುದು.

ಕಳೆದ ಶುಕ್ರವಾರ ಒಂದು ಪತ್ರ ಹಿಡಿದುಕೊಂಡು ಅಂಗಡಿಗೇ ಬಂದ, ಹಲ್ಲಿಲ್ಲದಿದ್ದರೂ ಹಲ್ಲು ಕಿರಿಯುತ್ತ. “ನೋಡೋ, ನಿನ್ನ ಮಗಳು ಬರೆದಿದ್ದಾಳೆ. ವಾರಕ್ಕೊಂದು ತಪ್ಪದೇ ಬರೀತಾಳೆ” ಅಂದ. ವಾರಕ್ಕೊಂದು! ನನಗೆ ಮೂರು ತಿಂಗಳಿಗೊಂದು! “ಏನಂತೆ?” ಅಂದೆ, ತಲೆ ಎತ್ತದೆ. ಓದಿಯೇಬಿಟ್ಟ: “ಪ್ರೀತಿಯ ತಂತಿಮಾಮ, ನಂಗೆ ಕೆಲಸ ಸಿಕ್ತು. ಮೊದಲು ನಿಂಗೇ ಹೇಳ್ತಿದ್ದೀನಿ.”

ಪ್ರೀತಿಯ ಅಂತೆ! ಮಾಮ ಅಂತೆ! ಯಾವ ಸಂಬಂಧದಲ್ಲಿ ಮಾಮ? ನಿನ್ನ ಅಮ್ಮನ ಒಡಹುಟ್ಟಿದವನೇ ಅವನು? ಕಾರ್ಖಾನೆಯಲ್ಲಿ ಹುಟ್ಟಿದವನು!

ನನ್ನ ಕೈ ತಿರುಪನ್ನು ‘ಹತ್ತಿ’ಯಿಂದ ‘ಉಪಗ್ರಹ’ಕ್ಕೆ ತಿರುಗಿಸಿದ್ದು ನನಗೇ ತಿಳಿಯಲಿಲ್ಲ. ಮೇಜಿನ ಮೇಲಿದ್ದ ಮೇಷ್ಟ್ರ ಬಿಳಿ ಷರ್ಟು ಹೋಯಿತು. ಸಂಜೆ ಅವರು ಬಂದು, “ಏನ್ರೀ ಇದು, ಷರ್ಟ್ ಕೊಟ್ಟಿದ್ರೆ ಬರೀ ಗುಂಡಿ ವಾಪಸ್ ಕೊಡ್ತಿದ್ದೀರಲ್ಲ!” ಅಂದರು. ಹಿಂದಾಗಿದ್ದರೆ ಅವರ ಗತಿಯೇ ಬೇರೆ. “ತಪ್ಪಾಯ್ತು ಮೇಷ್ಟ್ರೇ” ಅಂದೆ. ಈ ಮಾತು ನನ್ನ ಬಾಯಿಂದ ಬಂದದ್ದು ಇದೇ ಮೊದಲು. ಅವರು ನನ್ನ ಮುಖವನ್ನೇ ನೋಡಿ, “ಹೋಗ್ಲಿ ಬಿಡಿ, ಮನೇಲೇನೋ ಬೇಜಾರಿರ್ಬೇಕು” ಅಂತ ಗುಂಡಿಗಳನ್ನು ಜೇಬಿಗೆ ಹಾಕಿಕೊಂಡು ಹೋದರು.

ಹೊಸ ಕೆಲಸದಲ್ಲಿ ನಿನಗೆ ಒಳ್ಳೆಯದಾಗಲಿ. ಹೊತ್ತುಹೊತ್ತಿಗೆ ಊಟ ಮಾಡು. ನೂರು ಕಾಲ ಸುಖವಾಗಿರು.

ಇಂತಿ,
ಏಳು ಸೂರ್ಯರ ಮಹಾಪ್ರಭು

ತಾ.ಕ.: ನಿನ್ನ ಪತ್ರವನ್ನು ಮತ್ತೆ ತೆಗೆದು ನೋಡಿದೆ. ‘ಸನ್ನಿಧಾನಕ್ಕೆ’ ಎಂದು ಶುರು, ‘ತಮ್ಮ ಆಜ್ಞಾಧಾರಕಿ’ ಎಂದು ಮುಕ್ತಾಯ. ಮೊದಲು ಸಿಟ್ಟು ಬಂತು, ಆಮೇಲೆ ನೆನಪಾಯಿತು. ನಿನಗಾಗ ಒಂದು ವರ್ಷ. ತುಂಬಿದ ಸಭೆಯಲ್ಲಿ ನೀನು ಅಂಬೆಗಾಲಿಟ್ಟು ಸಿಂಹಾಸನದ ಹತ್ತಿರ ಬಂದು ‘ಅಪ್ಪಾ’ ಎಂದು ಕೂಗಿದೆ. ಸೇನಾಪತಿಗಳು ನಕ್ಕರು. ನನಗೆ ಅವಮಾನವಾಯಿತು. ಯಾರೇ ಆಗಲಿ ನನ್ನನ್ನು ಮಹಾಪ್ರಭು ಎಂದೇ ಕರೆಯತಕ್ಕದ್ದು ಎಂದು ಅವತ್ತೇ ಆಜ್ಞೆ ಹೊರಡಿಸಿದೆ. ಸಾಮ್ರಾಜ್ಯ ಹೋಯಿತು, ಸೇನಾಪತಿಗಳು ಹೋದರು. ಆ ಆಜ್ಞೆಯನ್ನು ಇನ್ನೂ ಪಾಲಿಸುತ್ತಿರುವವಳು ನೀನೊಬ್ಬಳೇ. ತಪ್ಪಾಯ್ತು ಮಗಳೇ. ಆಜ್ಞೆ ಇವತ್ತಿಗೆ ರದ್ದು. ವಾರಕ್ಕೊಂದು ಪತ್ರ ಬೇಡ, ಮೂರು ತಿಂಗಳಿಗೊಂದೇ ಸಾಕು. ಅಪ್ಪ ಅಂತ ಶುರು ಮಾಡು.