ಮೂರನೆಯ ತುಂಡು

ವುರ್ಟ್ಸ್‌ಬುರ್ಗ್,
ಮೇ ೨೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಯೆಲ್ಮರ್ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕ್ರಿಸ್‌ಮಸ್ಸಿಗೆ ಅಮ್ಮನಿಗೆ ಕಳಿಸಿದ ಕಾರ್ಡಿನಲ್ಲಿ, ರೋಪ್‌ವೇ ಕೆಲಸದ ಚಳಿಗೆ ಬೆನ್ನು ಹಿಡಿದುಕೊಂಡಿದೆ ಅಂತ ಒಂದು ಸಾಲು ಬರೆದಿದ್ದೆ. ಅಮ್ಮ ಅದನ್ನು ಓದಿದವಳೇ ನಿನಗೆ ಉಣ್ಣೆಯ ಸೊಂಟಪಟ್ಟಿ ಹೆಣೆಯಲು ಕೂತಳು. ಅರ್ಧ ಹೆಣೆದದ್ದು ಇನ್ನೂ ಅವಳ ಬುಟ್ಟಿಯಲ್ಲೇ ಇದೆ. ನನಗೆ ಹೆಣಿಗೆ ಬರುವುದಿಲ್ಲ, ಅದು ನಿನಗೆ ಗೊತ್ತು. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ ಅಂದುಕೋ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮೆಸೇಜ್ ಕಳಿಸಿದರೆ ನೋಡಿ ಸುಮ್ಮನಾಗುತ್ತೀಯ. ಕಾಗದವನ್ನಾದರೂ ಒಡೆಯದೆ ಬಿಸಾಡುವಷ್ಟು ಕಲ್ಲುಮನಸ್ಸು ನಿನ್ನದಲ್ಲ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ. ಪಕ್ಕದ ಕೋಣೆಯಲ್ಲಿ ಅಪ್ಪ ಊಟ ಮಾಡಿ ಮಲಗಿದ್ದಾರೆ.

ಹೌದು, ಅಪ್ಪನ ಜೊತೆ ಪ್ರವಾಸ ಹೊರಟಿದ್ದೇನೆ. ಇದು ಅಮ್ಮ ಹಾಕಿಟ್ಟ ಪ್ರವಾಸ. ಕಳೆದ ಶರತ್ಕಾಲದಲ್ಲಿ ಕೂತು ತಾನೇ ರೈಲು ಹುಡುಕಿ, ತಾನೇ ಹೋಟೆಲು ಆರಿಸಿ, ಕಲೋನ್, ವುರ್ಟ್ಸ್‌ಬುರ್ಗ್, ಮ್ಯೂನಿಕ್, ಕೊನೆಗೆ ವೆರೋನ ಎಂದು ಗೊತ್ತು ಮಾಡಿದ್ದಳು. ವೆರೋನದ ಚೌಕದಲ್ಲಿ ಕೂತು, ಏನೂ ಕೆಲಸ ಮಾಡದೆ ಐಸ್‌ಕ್ರೀಮ್ ತಿನ್ನಬೇಕು ಎಂಬುದು ಅವಳ ಆಸೆ. ಫೆಬ್ರವರಿಯಲ್ಲಿ ಅವಳೇ ಹೋಗಿಬಿಟ್ಟಳು. ನಾನು ಎಲ್ಲ ರದ್ದು ಮಾಡೋಣ ಅಂದೆ. ಅಪ್ಪ ಒಪ್ಪಲಿಲ್ಲ. "ನಿಮ್ಮಮ್ಮ ಬುಕ್ ಮಾಡಿದಾಳೆ, ಹೋಗ್ಬೇಕು" ಅಂದರು, ಜೈಲಿಗೆ ಹೊರಟವರ ಧ್ವನಿಯಲ್ಲಿ. ಹಾಗಾಗಿ ಅಮ್ಮನ ಸೀಟಿನಲ್ಲಿ ನಾನು ಕೂತಿದ್ದೇನೆ. ಕಿಟಕಿ ಪಕ್ಕದ ಸೀಟು. ಅವಳು ಯಾವಾಗಲೂ ಕಿಟಕಿಯನ್ನೇ ಕೇಳುತ್ತಿದ್ದಳಲ್ಲ.

ನಲವತ್ತು ಬೇಸಿಗೆಯನ್ನು ಕಾರಿನ ಹಿಂದೆ ಕಟ್ಟಿದ ಗಾಡಿಮನೆಯಲ್ಲೇ, ಆ ಕ್ಯಾರವಾನಿನಲ್ಲೇ ಕಳೆದ ಮನುಷ್ಯನನ್ನು ಹೋಟೆಲಿಗೆ ಕರೆದುಕೊಂಡು ಬರುವುದು ಎಂದರೆ ಏನು ಅಂತ ನಿನಗೆ ಹೇಳಬೇಕಾಗಿಲ್ಲ. ಡೆವೆಂಟರ್‌ನ ಮನೆಯಿಂದ ಹೊರಡುವಾಗಲೇ ಚೀಸ್ ಹೆರೆಯುವ ಚಾಕು, ಚಾಕಲೇಟ್ ಪುಡಿಯ ಡಬ್ಬ, ಕ್ಯಾರವಾನಿನ ಕಾಲದ ಆ ನೀಲಿ ತಿಂಡಿ ಡಬ್ಬಿ, ಎಲ್ಲ ಚೀಲಕ್ಕೆ ಹಾಕಿಕೊಂಡಿದ್ದಾರೆ. ಬೆಳಗಿನ ತಿಂಡಿಯ ಮೇಜಿನಲ್ಲಿ ಕೂತು ಮಧ್ಯಾಹ್ನಕ್ಕೂ ಬ್ರೆಡ್ಡಿಗೆ ಬೆಣ್ಣೆ ಸವರಿ ಡಬ್ಬಿಗೆ ತುಂಬುತ್ತಾರೆ. ತಿಂಡಿಯನ್ನು ಹೊರಗೆ ಒಯ್ಯಬಾರದು ಎಂದು ಗೋಡೆಯ ಮೇಲೆ ಬರೆದಿದೆ, ಆ ಬರಹದ ಕೆಳಗೇ ಕೂರುತ್ತಾರೆ. ನಾನು ನಾಚಿಕೆಯಿಂದ ಕಾಫಿ ಬಟ್ಟಲಲ್ಲಿ ಮುಖ ಹುದುಗಿಸಿಕೊಳ್ಳುತ್ತೇನೆ. ಕೋಣೆ ಬಿಡುವ ಮೊದಲು ಹಾಸಿಗೆ ಸರಿ ಮಾಡಿ, ಬಚ್ಚಲು ಒರೆಸಿ, ಕಸವನ್ನು ತಾವೇ ಕೆಳಗೆ ತಂದು ಕೌಂಟರಿನ ಹುಡುಗಿಗೆ "ಇದನ್ನ ಎಲ್ಲಿ ಹಾಕ್ಲಿ?" ಎಂದು ಕೇಳುತ್ತಾರೆ.

ನಗುವ ಸಂಗತಿ ಇಲ್ಲಿಗೆ ಸಾಕು. ಅಮ್ಮ ಬುಕ್ ಮಾಡಿದ್ದು ಇಬ್ಬರು ಮಲಗುವ ಕೋಣೆ. ನನಗೆ ಬೇರೆ ಕೋಣೆ ಹಿಡಿದೆ, ಅಪ್ಪ ಅದೇ ಕೋಣೆಯಲ್ಲಿ ಇರುತ್ತಾರೆ. ಇಲ್ಲಿಯ ಹಾಸಿಗೆ ನಿನಗೆ ಗೊತ್ತಲ್ಲ, ಎರಡು ಹಾಸಿಗೆ ಕೂಡಿಸಿ ಒಂದು ಮಾಡಿರುತ್ತಾರೆ, ಹೊದಿಕೆಯೂ ಎರಡು. ಬೆಳಿಗ್ಗೆ ಬಾಗಿಲು ತಟ್ಟಿ ಒಳಗೆ ಹೋದರೆ ಅಪ್ಪ ಮಲಗಿದ ಕಡೆ ಮುದುರಿರುತ್ತದೆ, ಇನ್ನೊಂದು ಕಡೆ ಮಡಿಕೆ ಕೂಡ ಬಿಚ್ಚಿರುವುದಿಲ್ಲ. ದಿಂಬಿನ ಮೇಲೆ ಹೋಟೆಲಿನವರು ಇಟ್ಟ ಚಾಕಲೇಟು ಹಾಗೇ ಇರುತ್ತದೆ. ಕಲೋನ್‌ನಲ್ಲಿ ಅದನ್ನು ತಿನ್ನಿ ಅಂದೆ. "ಅದು ನಂದಲ್ಲ" ಅಂದರು. ಹೊರಡುವಾಗ ಮಾತ್ರ ಅದನ್ನು ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡರು. ನನಗೆ ಅಲ್ಲೇ ಕೂತು ಅಳಬೇಕು ಅನ್ನಿಸಿತು, ಆದರೆ ರೈಲಿಗೆ ಹೊತ್ತಾಗಿತ್ತು.

ನೋಡಬೇಕಾದದ್ದನ್ನೆಲ್ಲ ನೋಡುತ್ತಿದ್ದೇವೆ. ಕಲೋನ್‌ನ ದೊಡ್ಡ ಚರ್ಚಿನೊಳಗೆ ಅಪ್ಪ ತಲೆಯೆತ್ತಿ ಒಂದು ಸಲ ಮೇಲೆ ನೋಡಿ "ದೊಡ್ಡದಿದೆ" ಅಂದರು. ಅಲ್ಲಿಗೆ ಮುಗಿಯಿತು. ಅಮ್ಮ ಇದ್ದಿದ್ದರೆ ಒಂದೊಂದು ಫಲಕವನ್ನೂ ಗಟ್ಟಿಯಾಗಿ ಓದಿ, ಪಕ್ಕದಲ್ಲಿ ನಿಂತ ಅಪರಿಚಿತರಿಗೂ ತಿಳಿಹೇಳಿ, ನಮ್ಮಿಬ್ಬರನ್ನೂ ಸುಸ್ತು ಮಾಡುತ್ತಿದ್ದಳು. ಆಗ ಬೇಸರವಾಗುತ್ತಿತ್ತು. ಈಗ ನಾನೇ ಫಲಕಗಳನ್ನು ಓದಲು ಶುರು ಮಾಡಿದ್ದೇನೆ. ಅಪ್ಪ ಕೇಳಿಸಿಕೊಳ್ಳುವುದೂ ಇಲ್ಲ, ನಿಲ್ಲಿಸು ಎನ್ನುವುದೂ ಇಲ್ಲ.

ಕಲೋನ್‌ನಿಂದ ಹೊರಟ ರೈಲು ರೈನ್ ನದಿಯ ದಡದಲ್ಲೇ ಬಂತು. ಕೊಬ್ಲೆಂಝ್ ಹತ್ತಿರ ರೈಲು ಮೋಸೆಲ್ ನದಿಯನ್ನು ದಾಟುತ್ತದೆ. ಆ ನದಿಯ ಕಣಿವೆಯಲ್ಲೇ ಅಲ್ಲವೇ ಎಂಟು ವರ್ಷದ ಹಿಂದೆ ನಮ್ಮ ಮನೆ ಎರಡಾದದ್ದು. ಗಾಳಿ ನಿಲ್ಲಲಿ, ಆಮೇಲೆ ಹೊರಡೋಣ ಎಂದು ಅಪ್ಪ ಹೇಳಿದರೂ, ಸೋಮವಾರ ಕೆಲಸಕ್ಕೆ ಹೋಗಬೇಕು ಎಂದು ನೀನು ಕಾರಿನ ಸ್ಟಿಯರಿಂಗ್ ಹಿಡಿದೆ. ಎತ್ತರದ ಸೇತುವೆಯ ಮೇಲೆ ಗಾಳಿ ಹಿಂದಿನ ಕ್ಯಾರವಾನನ್ನು ಮಗುಚಿ ಹಾಕಿತು, ಅದು ಕಾರನ್ನೂ ಎಳೆದುಕೊಂಡಿತು. ಅಮ್ಮನ ಸೊಂಟದ ಮೂಳೆ ಮುರಿಯಿತು. ಆಮೇಲೆ ಸಾಯುವತನಕ ಅವಳು ಕೋಲು ಹಿಡಿದೇ ನಡೆದಳು, ಆದರೆ ನಿನ್ನನ್ನು ಒಂದು ದಿನವೂ ದೂರಲಿಲ್ಲ. ಅಪ್ಪ ಆಸ್ಪತ್ರೆಯ ಪಡಸಾಲೆಯಲ್ಲಿ ಎಲ್ಲರೆದುರು "ನನ್ನ ಕಣ್ಮುಂದೆ ಬರ್ಬೇಡ ನೀನು" ಅಂದರು. ನೀನೂ ಅಷ್ಟೇ ಚೆನ್ನಾಗಿ ಆ ಮಾತನ್ನು ಪಾಲಿಸಿದೆ, ಅದಕ್ಕೆಂದೇ ಗುಡ್ಡಗಳ ಆಚೆ ಇನ್ಸ್‌ಬ್ರುಕ್‌ವರೆಗೂ ಹೋದೆ. ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಮೊನ್ನೆ ರೈಲು ಆ ನದಿಯನ್ನು ದಾಟುವಾಗ ಅಪ್ಪ ಬೂಟಿನ ದಾರ ಬಿಚ್ಚಿ ಕಟ್ಟಿಕೊಂಡರು. ತುಂಬ ಹೊತ್ತು ಕಟ್ಟಿಕೊಂಡರು.

ನಿನ್ನೆ ಇಲ್ಲಿ ಹೊಳೆಯಾಚೆಯ ಕೋಟೆಗೆ ಹತ್ತಿದೆವು. ದಾರಿಯಲ್ಲಿ ಎಷ್ಟು ಸಲ ನಿಂತೆವೋ. ಪ್ರತಿ ಸಲವೂ ದ್ರಾಕ್ಷಿತೋಟ ನೋಡುವವರಂತೆ ನಿಲ್ಲುತ್ತಾರೆ, ಆದರೆ ತುಟಿಯ ಬಣ್ಣ ನನಗೆ ಕಾಣುತ್ತಿತ್ತು. ವೈದ್ಯರು ಎದೆಯ ಬಗ್ಗೆ ಹೇಳಿದ್ದನ್ನು ಅಪ್ಪ ಯಾರ ಮುಂದೆಯೂ ಎತ್ತಬಾರದು ಅಂದಿದ್ದಾರೆ, ನಾನು ನಿನ್ನ ಮುಂದೆ ಎತ್ತುತ್ತಿದ್ದೇನೆ. ಊರಿಗೆ ಮರಳಿದ ಮೇಲೆ ಆಪರೇಷನ್. ಆ ವಯಸ್ಸಿಗೆ ಏನೂ ಹೇಳಲು ಬರುವುದಿಲ್ಲ ಎಂದು ವೈದ್ಯರು ನೇರವಾಗಿಯೇ ಹೇಳಿದರು. ಮೇಲೆ ಹೋಗಿ ಕಲ್ಲಿನ ಕಟ್ಟೆಯ ಮೇಲೆ ಕೂತು ಇಬ್ಬರೂ ಡಬ್ಬಿಯ ಬ್ರೆಡ್ಡು ತಿಂದೆವು. "ಅಲೈಡಾ ಇದ್ದಿದ್ರೆ ಇಷ್ಟು ಹತ್ತೋಕಾಗ್ತಿರ್ಲಿಲ್ಲ" ಅಂದರು ಅಪ್ಪ. ಅಮ್ಮನ ಹೆಸರನ್ನು ಅವರ ಬಾಯಲ್ಲಿ ಕೇಳಿ ಮೂರು ತಿಂಗಳಾಗಿತ್ತು.

ಈಗ ಇವತ್ತಿನ ವಿಷಯ. ಇವತ್ತು ನಿನ್ನ ಹುಟ್ಟುಹಬ್ಬ, ಅಭಿನಂದನೆ ಅಣ್ಣಾ. ಐವತ್ತೊಂದು ತುಂಬಿದವನಿಗೆ ಇನ್ನೇನು ಹೇಳಲಿ. ಚಿಕ್ಕವರಿದ್ದಾಗ ನಿನ್ನ ಹುಟ್ಟುಹಬ್ಬದ ದಿನ ಬಂದವರೆಲ್ಲ ಸುತ್ತ ಹಾಕಿದ ಕುರ್ಚಿಗಳಲ್ಲಿ ಕೂರುವ ಮೊದಲು ಅಪ್ಪನ, ಅಮ್ಮನ, ನನ್ನ ಕೈಯನ್ನೂ ಕುಲುಕಿ, "ನಿಮ್ಮ ಮಗನ ಹುಟ್ಟುಹಬ್ಬದ ಅಭಿನಂದನೆ, ನಿಮ್ಮಣ್ಣನ ಹುಟ್ಟುಹಬ್ಬದ ಅಭಿನಂದನೆ" ಅಂತಿದ್ದರಲ್ಲ. ಉಡುಗೊರೆ ಅವನಿಗೆ, ಕೈ ಕುಲುಕುವುದು ಮಾತ್ರ ನನಗೆ ಎಂದು ನಾನು ರಂಪ ಮಾಡುತ್ತಿದ್ದೆ. ಆ ಅಪಘಾತದ ಮರುವರ್ಷ ಅಪ್ಪ ಎಲ್ಲ ಡಚ್ಚರ ಮನೆಯಂತೆ ನಮ್ಮ ಮನೆಯ ಪಾಯಖಾನೆಯಲ್ಲೂ ತೂಗುಹಾಕಿದ್ದ, ನೆಂಟರಿಷ್ಟರ ಹುಟ್ಟುಹಬ್ಬ ಬರೆದಿಡುವ ಕ್ಯಾಲೆಂಡರು ಹಳೆಯದಾಯಿತು ಎಂದು ಹೊಸದನ್ನು ತಂದರು. ಸತ್ತ ದೊಡ್ಡಮ್ಮನ ಹೆಸರನ್ನೂ ಸೇರಿಸಿ ಎಲ್ಲರದನ್ನೂ ಬರೆದರು, ನಿನ್ನದನ್ನು ಬರೆಯಲಿಲ್ಲ. ಅಮ್ಮ ಮಾತ್ರ ಪ್ರತಿ ವರ್ಷ ಈ ದಿನ ಕೇಕು ತರುತ್ತಿದ್ದಳು. "ಬೇಕರೀಲಿ ಚೆನ್ನಾಗಿ ಕಾಣ್ತು, ತಂದೆ" ಅಷ್ಟೇ ಅವಳ ಮಾತು. ಅಪ್ಪ ಸುಮ್ಮನೆ ಎರಡು ತುಂಡು ತಿನ್ನುತ್ತಿದ್ದರು. ಈ ವರ್ಷ ಕೇಕು ತರುವವಳಿಲ್ಲ. ನಾನು ತಂದರೆ ಏನಾಗುತ್ತದೋ ಎಂದು ಹೆದರಿ, ದಿನ ತಾನಾಗಿ ಕಳೆದುಹೋಗಲಿ ಎಂದು ಬೆಳಿಗ್ಗೆ ತಿಂಡಿಗೆ ಇಳಿದೆ.

ಅಪ್ಪ ಆಗಲೇ ಕೆಳಗಿದ್ದರು. ಕೂದಲು ನೀರು ಹಚ್ಚಿ ಬಾಚಿತ್ತು, ಕುತ್ತಿಗೆಯಲ್ಲಿ ಅಮ್ಮನ ಮಣ್ಣಿನ ದಿನ ಕಟ್ಟಿದ್ದ ಟೈ. ಕಲೋನ್‌ನಲ್ಲಿ ಇಲ್ಲದ ಟೈ ಇಲ್ಲಿ ಯಾಕೆ ಎಂದು ನಾನು ಯೋಚಿಸುವಷ್ಟರಲ್ಲಿ ಅವರು ಎದ್ದು ನಿಂತು ಮೇಜಿನ ಮೇಲಿಂದ ಕೈ ಚಾಚಿದರು. "ಅಭಿನಂದನೆ, ರೆನ್ಸ್ಕೆ. ನಿಮ್ಮಣ್ಣನ ಹುಟ್ಟುಹಬ್ಬ" ಅಂದರು. ನಾನು ಅವರ ಕೈ ಹಿಡಿದು, "ನಿಮಗೂ ಅಭಿನಂದನೆ ಅಪ್ಪಾ, ನಿಮ್ಮ ಮಗನ ಹುಟ್ಟುಹಬ್ಬ" ಅಂದೆ. ಅವರು ತಲೆಯಾಡಿಸಿದರು. ಮೂರು ಸಲ ಕೆನ್ನೆಗೆ ಮುತ್ತಿಟ್ಟರು, ಗಡ್ಡ ನೀಟಾಗಿ ಬೋಳಿಸಿಕೊಂಡಿದ್ದರು.

ಇದನ್ನೆಲ್ಲ ನೋಡಿದ ತಿಂಡಿಮನೆಯ ಹೆಂಗಸು ಹುಟ್ಟುಹಬ್ಬ ನನ್ನದೇ ಎಂದುಕೊಂಡಳು. ಜರ್ಮನರಿಗೆ ನಮ್ಮ ಡಚ್ಚರ ಈ ಕೈಕುಲುಕಾಟ ಎಲ್ಲಿ ಗೊತ್ತು. ಒಳಗೆ ಹೋಗಿ ಒಂದು ಸಣ್ಣ ಕೇಕಿಗೆ ಮೇಣದ ಬತ್ತಿ ಚುಚ್ಚಿ ತಂದು ನನ್ನ ಮುಂದೆ ಇಟ್ಟಳು. ನನ್ನದಲ್ಲ, ನಮ್ಮಣ್ಣನದು ಅಂದೆ. ಆಕೆ ಮೂರನೆಯ ಕುರ್ಚಿಯನ್ನೂ ಬಾಗಿಲನ್ನೂ ನೋಡಿ, "ಅವ್ರು ಇನ್ನೂ ಎದ್ದಿಲ್ವಾ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಕ್ಯಾರವಾನ್ ತಂಗುದಾಣಗಳಲ್ಲಿ ಕಲಿತ ತಮ್ಮ ಹರಕು ಜರ್ಮನ್‌ನಲ್ಲಿ ಉತ್ತರ ಕೊಟ್ಟರು. "ಬರೋಕಾಗ್ಲಿಲ್ಲಮ್ಮ ಅವ್ನಿಗೆ. ಇನ್ಸ್‌ಬ್ರುಕ್‌ನಲ್ಲಿರ್ತಾನೆ. ರೋಪ್‌ವೇ ನೋಡ್ಕೊಳ್ಳೋನು, ಭಾನುವಾರ ಜನ ಜಾಸ್ತಿ." ಎಂಟು ವರ್ಷ ಯಾರು ಕೇಳಿದರೂ "ನಂಗೊಬ್ಳೇ ಮಗಳು" ಎನ್ನುತ್ತಿದ್ದ ಬಾಯಿ ಅದು. ನೀನು ರೋಪ್‌ವೇಯಲ್ಲಿರುವುದು ಅವರಿಗೆ ಹೇಗೆ ಗೊತ್ತೆಂದು ನಾನು ಕೇಳಲಿಲ್ಲ. ನಿನ್ನ ಕಾರ್ಡುಗಳನ್ನು ಅಮ್ಮ ಅಡುಗೆಮನೆಯ ಮೇಜಿನ ಮೇಲೆ ಮರೆತವಳಂತೆ ಬಿಟ್ಟು ತೋಟಕ್ಕೆ ಹೋಗುತ್ತಿದ್ದದ್ದು ನನಗೆ ನೆನಪಿದೆ. ಅಪ್ಪ ಬತ್ತಿ ಆರಿಸಿ, ಚೀಸ್ ಚಾಕುವಿನಿಂದಲೇ ಕೇಕನ್ನು ಮೂರು ತುಂಡು ಮಾಡಿದರು. ನಾವಿಬ್ಬರೂ ತಿಂದೆವು. ಮೂರನೆಯದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿ ನೀಲಿ ಡಬ್ಬಿಯಲ್ಲಿಟ್ಟರು. ಬ್ರೆಡ್ಡನ್ನೆಲ್ಲ ಹೊರಗೆ ತೆಗೆದು ಅದೊಂದನ್ನೇ ಇಟ್ಟರು.

ನಿನಗೆ ಗೊತ್ತಿಲ್ಲದ ಇನ್ನೊಂದು ಮಾತು ಇದೆ. ಅಮ್ಮನ ಮಣ್ಣಿನ ದಿನ ನೀನು ಬಂದು ಹಿಂದಿನ ಸಾಲಿನಲ್ಲಿ ನಿಂತು, ಹಾಡು ಮುಗಿಯುತ್ತಲೇ ಹೊರಟುಹೋದೆ. ನಿನ್ನನ್ನು ನೋಡಿ ಅಪ್ಪನ ಮುಖ ಕೆಡುತ್ತದೆ ಎಂದು ಹೆದರಿರಬೇಕು. ನೀನು ಹೋದದ್ದನ್ನು ಅಪ್ಪ ನೋಡಿರಲಿಲ್ಲ, ಬಂದದ್ದನ್ನು ಮಾತ್ರ ನೋಡಿದ್ದರು. ಆಮೇಲೆ ಕಾಫಿಗೆ ಎಲ್ಲರೂ ಕೂತಾಗ ಅವರ ಪಕ್ಕದ ಕುರ್ಚಿಗೆ ಬಂದ ಮಾವನನ್ನು "ಇಲ್ಲಿ ಜನ ಇದಾರೆ" ಎಂದು ಎಬ್ಬಿಸಿದರು. ಆ ಖಾಲಿ ಕುರ್ಚಿಯ ಎದುರಿಗೆ ಕಾಫಿ ಹಾಕಿಸಿ, ತಟ್ಟೆಯಲ್ಲಿ ಕೇಕು ಇಡಿಸಿ, ಬಾಗಿಲನ್ನೇ ನೋಡುತ್ತ ಕೂತಿದ್ದರು. ಕುರ್ಚಿಗಳನ್ನು ಎತ್ತಿಡುವ ಹೊತ್ತಿಗೆ "ಕಾಫಿಗೂ ನಿಲ್ಲಲಿಲ್ಲ" ಅಂದರು, ಕೋಪದಿಂದಲ್ಲ. ಇದನ್ನು ಆಗಲೇ ನಿನಗೆ ತಿಳಿಸಲು ಫೋನ್ ಮಾಡಿದ್ದೆ, ನೀನು ಎತ್ತಲಿಲ್ಲ. ನಿಮ್ಮಿಬ್ಬರ ನಡುವೆ ಓಡಾಡಿ ನನಗೆ ಸಾಕಾಗಿದೆ. ಅಮ್ಮನಿಗೂ ಸಾಕಾಗಿತ್ತು, ಪಾಪ, ಅವಳು ಹೇಳಿಕೊಳ್ಳಲಿಲ್ಲ ಅಷ್ಟೇ.

ಮೈ ಬೆಚ್ಚಗಿಟ್ಟುಕೋ. ಭಾರ ಎತ್ತಬೇಡ. ಅಪ್ಪ ನಿನ್ನನ್ನು ಕೇಳಿದ್ದಾರೆ ಎಂದು ಬರೆಯುವಂತಿಲ್ಲ, ಯಾಕೆಂದರೆ ಅವರು ಹಾಗೆ ಹೇಳಿಲ್ಲ. ನಾನು ಕೇಳಿದ್ದೇನೆ, ಅಮ್ಮ ಇದ್ದಿದ್ದರೆ ಅವಳೂ ಕೇಳುತ್ತಿದ್ದಳು.

ನಿನ್ನ ತಂಗಿ,
ರೆನ್ಸ್ಕೆ

ಮರೆತ ಮಾತು: ಲಕೋಟೆ ಅಂಟಿಸುತ್ತಿದ್ದೆ, ಅಪ್ಪ ಎದ್ದು ಬಂದರು. ಯಾರಿಗೆ ಅಂತ ಕೇಳಿದರು, ಯೆಲ್ಮರ್‌ಗೆ ಅಂದೆ. ಕನ್ನಡಕ ಹಾಕಿಕೊಂಡು ಶುಕ್ರವಾರದ ಟಿಕೆಟ್ ತೆಗೆದು, ನನ್ನ ಕಡೆ ನೋಡದೆ ನಿಧಾನವಾಗಿ, ಬರೆದುಕೊಳ್ಳುವವರಿಗೆ ಓದಿ ಹೇಳುವ ಹಾಗೆ ಓದಿದರು: ಮ್ಯೂನಿಕ್‌ನಿಂದ ವೆರೋನಕ್ಕೆ ಹೋಗುವ ಬೆಳಗಿನ ರೈಲು, ಏಳನೆಯ ಬೋಗಿ. ಅದು ನಿಮ್ಮೂರಿನಲ್ಲಿ ನಿಲ್ಲುತ್ತದೆ, ಹನ್ನೊಂದು ದಾಟಿದ ಮೇಲೆ, ಕೆಲವೇ ನಿಮಿಷ. ಸ್ವಿಟ್ಜರ್ಲೆಂಡಿನ ದಾರಿಯೂ ಇತ್ತು, ಅಮ್ಮ ಇದನ್ನೇ ಆರಿಸಿದ್ದಳು. ಪ್ಲಾಟ್‌ಫಾರ್ಮಿಗೆ ಬಾ. ಕ್ಷಮೆ ಗಿಮೆ ಏನೂ ಬೇಡ, ಇಬ್ಬರಿಗೂ ಅದು ಬರುವುದಿಲ್ಲ. ಅವರು ಬೋಗಿಯ ಬಾಗಿಲಲ್ಲಿ ನೀಲಿ ಡಬ್ಬಿ ಹಿಡಿದು ನಿಂತಿರುತ್ತಾರೆ. ಕೇಕು ಅಷ್ಟು ಹೊತ್ತಿಗೆ ಕಲ್ಲಾಗಿರುತ್ತದೆ. ಮನೆಗೆ ಒಯ್ಯಬೇಡ, ಅವರ ಕಣ್ಮುಂದೆಯೇ ತಿನ್ನು.